ಬಾಗಿಲಲ್ಲಿ ನಿಂತವರ ಹೆಸರು ಕೇಳಿ: ಗಡಿ ಮತ್ತು ಆಶ್ರಯ ನೀತಿ ರೂಪಿಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಯುದ್ಧದಿಂದಲೋ ಕಿರುಕುಳದಿಂದಲೋ ತಪ್ಪಿಸಿಕೊಂಡು ನಿಮ್ಮ ಗಡಿಗೆ ಬಂದು ನಿಲ್ಲುವವರನ್ನು ಒಳಗೆ ಬಿಟ್ಟುಕೊಳ್ಳಬೇಕೇ, ತಡೆದು ನಿಲ್ಲಿಸಬೇಕೇ, ಹಿಂದಕ್ಕೆ ಕಳುಹಿಸಬೇಕೇ ಎಂಬುದನ್ನು ತೀರ್ಮಾನಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ. ನೀವು ಯಾವ ದೇಶದ ಸಚಿವರೇ ಆಗಿರಿ, ಶಾಸನಸಭೆಯ ಸದಸ್ಯರೇ ಆಗಿರಿ, ವಲಸೆ ಇಲಾಖೆಯ ಅಧಿಕಾರಿಗಳೇ ಆಗಿರಿ, ಈ ಪತ್ರವನ್ನು ನಿಮಗೆಂದೇ ಬರೆಯುತ್ತಿದ್ದೇನೆ. ಬಲವಂತವಾಗಿ ನೆಲೆ ಕಳೆದುಕೊಂಡವರ ಸಂಖ್ಯೆ 2024ರ ಕೊನೆಗೆ ಜಗತ್ತಿನಾದ್ಯಂತ 12.3 ಕೋಟಿಯನ್ನು ಮುಟ್ಟಿತ್ತು ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಲೆಕ್ಕ ಕೊಟ್ಟಿದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ದೇಶದ ಒಳಗೇ ಅಲೆಯುತ್ತಿದ್ದಾರೆ. ಗಡಿ ದಾಟಿದವರಲ್ಲೂ ಬಹುಪಾಲು ಮಂದಿ ಪಕ್ಕದ ದೇಶದಲ್ಲೇ ತಂಗಿದ್ದಾರೆ. ದೂರದ ದೇಶಗಳ ಬಾಗಿಲಿಗೆ ಬರುವವರು ಉಳಿದ ಕೆಲವರು. ಆ ಕೆಲವರ ನಡುವೆ ಉಗ್ರಗಾಮಿಯೊಬ್ಬ ನುಸುಳಿದ್ದರೆ ಏನು ಗತಿ ಎಂಬ ಪ್ರಶ್ನೆ ಇಂದು ಚುನಾವಣೆಗಳನ್ನು ನಿರ್ಧರಿಸುತ್ತಿದೆ, ಸರ್ಕಾರಗಳನ್ನು ಉರುಳಿಸುತ್ತಿದೆ, ಬೇಲಿಗಳನ್ನು ಎಬ್ಬಿಸುತ್ತಿದೆ.

ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಆ ಪ್ರಶ್ನೆ ಕೇಳುವ ಜನರನ್ನು ದ್ವೇಷಿಗಳೆಂದು ಕರೆಯಲು ನಾನು ಸಿದ್ಧನಿಲ್ಲ. 2015ರ ನವೆಂಬರ್ 13ರ ರಾತ್ರಿ ಪ್ಯಾರಿಸ್‌ನಲ್ಲಿ 130 ಜನರನ್ನು ಕೊಂದ ದಾಳಿಯ ನಂತರ, ಸ್ತಾದ್ ದ ಫ್ರಾನ್ಸ್ ಕ್ರೀಡಾಂಗಣದ ಹೊರಗೆ ತನ್ನನ್ನೇ ಸ್ಫೋಟಿಸಿಕೊಂಡವನೊಬ್ಬನ ಬಳಿ ಸಿರಿಯಾದ ಪಾಸ್‌ಪೋರ್ಟ್ ಸಿಕ್ಕಿತು. ಅದು ನಕಲಿ. ಆದರೆ ಅದನ್ನು ಹಿಡಿದುಕೊಂಡು ಅವನು ಅದೇ ಅಕ್ಟೋಬರ್‌ನಲ್ಲಿ ನಿರಾಶ್ರಿತರ ದೋಣಿಗಳ ಜೊತೆಯಲ್ಲಿ ಗ್ರೀಸ್‌ನ ಲೆರೋಸ್ ದ್ವೀಪಕ್ಕೆ ಬಂದಿಳಿದದ್ದು ನಿಜ; ಅಲ್ಲಿ ಅವನ ಬೆರಳಚ್ಚು ತೆಗೆದುಕೊಂಡದ್ದೂ ನಿಜ. ಆ ವರ್ಷ ಸಮುದ್ರ ದಾಟಿ ಗ್ರೀಸ್ ಸೇರಿದವರು ಎಂಟು ಲಕ್ಷಕ್ಕೂ ಹೆಚ್ಚು. ಅವರ ಸಂಕಟದ ಮರೆಯಲ್ಲಿ ಕೊಲೆಗಾರನೊಬ್ಬ ನಡೆದುಬಂದ ಎಂಬ ಸಂಗತಿಯನ್ನು ಕರುಣೆಯ ಪರವಾಗಿ ಮಾತನಾಡುವವರು ಮುಚ್ಚಿಟ್ಟರೆ, ಅವರ ಉಳಿದ ಮಾತುಗಳನ್ನೂ ಯಾರೂ ನಂಬುವುದಿಲ್ಲ. ಹಾಗೆಯೇ, ಆ ದಾಳಿಕೋರರಲ್ಲಿ ಹೆಚ್ಚಿನವರು ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲೇ ಹುಟ್ಟಿ ಬೆಳೆದ ನಾಗರಿಕರಾಗಿದ್ದರು, ಸಿರಿಯಾಕ್ಕೆ ಹೋಗಿ ತರಬೇತಿ ಪಡೆದು ಮರಳಿದ್ದರು ಎಂಬ ಸಂಗತಿಯನ್ನು ಭದ್ರತೆಯ ಪರವಾಗಿ ಮಾತನಾಡುವವರು ಮುಚ್ಚಿಡಬಾರದು. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ವಿಮಾನಗಳನ್ನು ಅಪಹರಿಸಿದ 19 ಮಂದಿಯಲ್ಲಿ ಒಬ್ಬನೂ ನಿರಾಶ್ರಿತನಾಗಿರಲಿಲ್ಲ. ಎಲ್ಲರೂ ವೀಸಾ ಪಡೆದು ವಿಮಾನ ನಿಲ್ದಾಣಗಳ ಮೂಲಕವೇ ಒಳಗೆ ಬಂದಿದ್ದರು.

ನನ್ನ ಅಳಲು ಬೇರೆ ಕಡೆಯಲ್ಲಿದೆ. ಇಂಥ ದಾಳಿಗಳ ನಂತರ ನಡೆಯುವ ಚರ್ಚೆಯಲ್ಲಿ ಬಾಗಿಲು ಎಷ್ಟು ತೆರೆದಿರಬೇಕು, ಎಷ್ಟು ಮುಚ್ಚಿರಬೇಕು ಎಂಬುದೊಂದೇ ಮಾತು. ಬಾಗಿಲಲ್ಲಿ ಕುಳಿತವರು ಬಂದವರನ್ನು ಏನು ಕೇಳಿದರು, ಬರೆದುಕೊಂಡದ್ದನ್ನು ಯಾರಿಗೆ ತಲುಪಿಸಿದರು, ಆಮೇಲೆ ಆ ಕಡತವನ್ನು ಯಾರು ತೆರೆದು ನೋಡಿದರು ಎಂಬುದನ್ನು ಕೇಳುವವರು ಕಡಿಮೆ. ದಾಳಿಗಳ ಹಿಂದಿನ ಕಡತಗಳನ್ನು ಓದಿದರೆ ಸೋಲು ನಡೆದಿರುವುದು ಹೆಚ್ಚಾಗಿ ಅಲ್ಲಿಯೇ.

2016ರ ಡಿಸೆಂಬರ್ 19ರಂದು ಬರ್ಲಿನ್‌ನ ಕ್ರಿಸ್‌ಮಸ್ ಮಾರುಕಟ್ಟೆಯ ಮೇಲೆ ಲಾರಿ ನುಗ್ಗಿಸಿ 12 ಜನರನ್ನು ಕೊಂದ ಅನೀಸ್ ಅಮ್ರಿಯನ್ನೇ ತೆಗೆದುಕೊಳ್ಳಿ. (ಗಾಯಗೊಂಡಿದ್ದ ಇನ್ನೊಬ್ಬರು ವರ್ಷಗಳ ನಂತರ, 2021ರಲ್ಲಿ, ತೀರಿಕೊಂಡರು.) ಟ್ಯುನೀಷಿಯಾದ ಈತ 2011ರಲ್ಲಿ ಇಟಲಿಗೆ ಬಂದ, ವಲಸಿಗರ ತಂಗುದಾಣಕ್ಕೆ ಬೆಂಕಿ ಹಚ್ಚಿದ ಪ್ರಕರಣದಲ್ಲಿ ಸುಮಾರು ನಾಲ್ಕು ವರ್ಷ ಜೈಲಿನಲ್ಲಿದ್ದ, ಅವನನ್ನು ವಾಪಸ್ ಕಳುಹಿಸಲು ಇಟಲಿ ಪ್ರಯತ್ನಿಸಿದಾಗ ಟ್ಯುನೀಷಿಯಾ ಸ್ವೀಕರಿಸಲಿಲ್ಲ. 2015ರಲ್ಲಿ ಬಿಡುಗಡೆಯಾದವನು ಜರ್ಮನಿಗೆ ಹೋಗಿ 14 ಬೇರೆ ಬೇರೆ ಗುರುತುಗಳನ್ನು ಬಳಸಿದ. ಪೊಲೀಸರು ಅವನನ್ನು ಅಪಾಯಕಾರಿಯೆಂದು ಗುರುತಿಸಿದ್ದರು, ತಿಂಗಳುಗಟ್ಟಲೆ ಹಿಂಬಾಲಿಸಿದ್ದರು, ಆಮೇಲೆ ಕಣ್ಗಾವಲನ್ನು ನಿಲ್ಲಿಸಿದ್ದರು. 2016ರ ಮಧ್ಯದಲ್ಲಿ ಅವನ ಆಶ್ರಯದ ಅರ್ಜಿ ತಿರಸ್ಕೃತವಾಯಿತು. ಜುಲೈ ಕೊನೆಯಲ್ಲಿ ನಕಲಿ ಗುರುತಿನ ಚೀಟಿಯೊಂದಿಗೆ ಸಿಕ್ಕಿಬಿದ್ದು ಎರಡು ದಿನ ಬಂಧನದಲ್ಲೂ ಇದ್ದ. ಅವನನ್ನು ಕಳುಹಿಸಲು ಬೇಕಾಗಿದ್ದ ಟ್ಯುನೀಷಿಯಾದ ಕಾಗದಪತ್ರಗಳು ಜರ್ಮನ್ ಅಧಿಕಾರಿಗಳ ಕೈಸೇರಿದ್ದು ಡಿಸೆಂಬರ್ 21ರಂದು, ಅಂದರೆ ದಾಳಿ ನಡೆದ ಎರಡು ದಿನಗಳ ನಂತರ. ಇಷ್ಟು ಬಾರಿ ಎದುರಿಗೇ ಬಂದು ನಿಂತಿದ್ದ ಮನುಷ್ಯನನ್ನು ಒಳಗೆ ಬಿಟ್ಟದ್ದು ಅತಿಯಾದ ಕರುಣೆ ಎಂದು ಹೇಗೆ ಹೇಳುವುದು? ಒಂದು ಕಚೇರಿಗೆ ಗೊತ್ತಿದ್ದದ್ದು ಇನ್ನೊಂದು ಕಚೇರಿಗೆ ಸಕಾಲದಲ್ಲಿ ಗೊತ್ತಾಗಲಿಲ್ಲ, ಗೊತ್ತಾದ ಕಡೆಯಲ್ಲೂ ಯಾರೊಬ್ಬರೂ ಅದನ್ನು ತಮ್ಮ ಹೊಣೆಯೆಂದು ಕೊನೆಯವರೆಗೆ ಹೊತ್ತುಕೊಳ್ಳಲಿಲ್ಲ.

ಎಂಟು ವರ್ಷಗಳ ನಂತರ, 2024ರ ಆಗಸ್ಟ್‌ನಲ್ಲಿ, ಜರ್ಮನಿಯದೇ ಜೋಲಿಂಗೆನ್ ಪಟ್ಟಣದ ಉತ್ಸವವೊಂದರಲ್ಲಿ ಮೂವರನ್ನು ಇರಿದು ಕೊಂದವನು ಯುರೋಪಿನ ನಿಯಮಗಳ ಪ್ರಕಾರ ಹಿಂದಿನ ವರ್ಷವೇ ಬಲ್ಗೇರಿಯಾಕ್ಕೆ ವರ್ಗವಾಗಬೇಕಿತ್ತು. ಕರೆದೊಯ್ಯಲು ಹೋದ ದಿನ ಅವನು ತಂಗುದಾಣದಲ್ಲಿ ಸಿಗಲಿಲ್ಲ, ಗಡುವು ಮುಗಿಯಿತು, ಕಡತ ಮುಚ್ಚಿಹೋಯಿತು.

ಅಮೆರಿಕದ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ 2011ರಲ್ಲಿ ಬಂಧನಕ್ಕೊಳಗಾದ ಇಬ್ಬರು ಇರಾಕಿಗಳ ಪ್ರಕರಣ ಇನ್ನೂ ಹೆಚ್ಚು ಕಲಿಸುತ್ತದೆ. ಅವರು ನಿರಾಶ್ರಿತರಾಗಿ, ಕಾನೂನುಬದ್ಧವಾಗಿ ಅಮೆರಿಕ ಸೇರಿದ್ದವರು. ಅವರಲ್ಲೊಬ್ಬನ ಬೆರಳಚ್ಚು, 2005ರಲ್ಲಿ ಇರಾಕ್‌ನ ರಸ್ತೆಬದಿಯಲ್ಲಿ ಸಿಕ್ಕಿದ್ದ ಬಾಂಬಿನ ಭಾಗವೊಂದರ ಮೇಲೆ ಇತ್ತು. ಆ ಭಾಗ ಅಮೆರಿಕ ಸರ್ಕಾರದ್ದೇ ಉಗ್ರಾಣದಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಆಶ್ರಯ ಕೊಡುವಾಗ ತೆಗೆದುಕೊಂಡ ಬೆರಳಚ್ಚು ಅಮೆರಿಕ ಸರ್ಕಾರದ್ದೇ ಇನ್ನೊಂದು ಕಚೇರಿಯಲ್ಲಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಇರಲಿಲ್ಲ.

ಆತುರದ ತಪಾಸಣೆ ಯಾರ ಕೈಗೆ ಆಯುಧವಾಗಬಲ್ಲದು ಎಂಬುದಕ್ಕೆ ಇನ್ನೊಂದು ನಿದರ್ಶನವಿದೆ, ನನ್ನನ್ನು ಬಹಳ ಕಾಡಿದ್ದು. ಜರ್ಮನ್ ಸೇನೆಯ ಒಬ್ಬ ಲೆಫ್ಟಿನೆಂಟ್, ಬಲಪಂಥೀಯ ಉಗ್ರವಾದಿ, ತನ್ನನ್ನು ಸಿರಿಯಾದ ನಿರಾಶ್ರಿತನೆಂದು ನೋಂದಾಯಿಸಿಕೊಂಡ. ಅವನಿಗೆ ಅರಬ್ಬಿ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಸಂದರ್ಶನ ಫ್ರೆಂಚ್ ಭಾಷೆಯಲ್ಲಿ ನಡೆಯಿತು. ಆಶ್ರಯದ ರಕ್ಷಣೆಯೂ ಅವನಿಗೆ ದೊರೆಯಿತು. 2017ರಲ್ಲಿ ಬಂಧಿತನಾದ ಅವನಿಗೆ, ದಾಳಿಯ ಸಂಚು ರೂಪಿಸಿದ್ದಕ್ಕಾಗಿ 2022ರಲ್ಲಿ ಫ್ರಾಂಕ್‌ಫರ್ಟ್‌ನ ನ್ಯಾಯಾಲಯ ಐದೂವರೆ ವರ್ಷಗಳ ಶಿಕ್ಷೆ ವಿಧಿಸಿತು. ಆ ದಾಳಿ ನಡೆದಿದ್ದರೆ ಅದರ ಆರೋಪ ಸಿರಿಯಾದ ನಿರಾಶ್ರಿತನೊಬ್ಬನ ತಲೆಗೆ ಬರುತ್ತಿತ್ತು, ಅವನ ಮೂಲಕ ಲಕ್ಷಾಂತರ ಜನರ ತಲೆಗೆ ಬರುತ್ತಿತ್ತು. ಅರಬ್ಬಿ ಬಲ್ಲ ಒಬ್ಬ ದುಭಾಷಿ ಅರ್ಧ ಗಂಟೆ ಎದುರು ಕುಳಿತಿದ್ದರೆ ಈ ವೇಷ ಅಲ್ಲಿಯೇ ಕಳಚಿ ಬೀಳುತ್ತಿರಲಿಲ್ಲವೇ? ಅಷ್ಟು ಜಾಗ್ರತೆ ಇದ್ದಿದ್ದರೆ ನಿಜವಾದ ಸಿರಿಯನ್ನನಿಗೂ ಅದು ರಕ್ಷಣೆಯೇ ಆಗುತ್ತಿತ್ತು. ಸರಿಯಾದ ತಪಾಸಣೆಯಿಂದ ನಿರಾಶ್ರಿತನಿಗೆ ಅವಮಾನವಾಗುತ್ತದೆ ಎಂದು ಭಾವಿಸುವ ಸ್ನೇಹಿತರಿಗೆ ನಾನು ಈ ಪ್ರಕರಣವನ್ನೇ ನೆನಪಿಸುತ್ತೇನೆ.

ಇಂಥ ಸೋಲುಗಳ ನಂತರ ಸರ್ಕಾರಗಳು ಸಾಮಾನ್ಯವಾಗಿ ಮಾಡುವುದೇನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು. ಕೆಂಟಕಿಯ ಇಬ್ಬರು ಸಿಕ್ಕಿಬಿದ್ದ ಮೇಲೆ ಇರಾಕಿ ನಿರಾಶ್ರಿತರ ಕಡತಗಳನ್ನೆಲ್ಲ ಮತ್ತೆ ಪರಿಶೀಲಿಸಲು ಹೊರಟದ್ದು ಸರಿಯಾಗಿಯೇ ಇತ್ತು. ಆದರೆ ಅದರೊಂದಿಗೆ ಹೊಸ ಅರ್ಜಿಗಳು ತಿಂಗಳುಗಟ್ಟಲೆ ಕುಂಟಿದವು. ಹಾಗೆ ಕಾದವರಲ್ಲಿ ಅಮೆರಿಕದ ಸೇನೆಗೇ ದುಭಾಷಿಗಳಾಗಿ ದುಡಿದು, ಅದೇ ಕಾರಣಕ್ಕೆ ಉಗ್ರರ ಗುರಿಯಾಗಿದ್ದವರೂ ಇದ್ದರು. ಕೆನ್ಯಾದ ಗಾರಿಸ್ಸಾ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ 2015ರ ಏಪ್ರಿಲ್ 2ರಂದು ಸೊಮಾಲಿಯಾದ ಉಗ್ರಗಾಮಿ ಸಂಘಟನೆ ಅಲ್-ಶಬಾಬ್‌ನ ಬಂದೂಕುಧಾರಿಗಳು 148 ಜನರನ್ನು ಕೊಂದರು, ಅವರಲ್ಲಿ ಬಹುತೇಕರು ವಿದ್ಯಾರ್ಥಿಗಳು. ಕೆಲವೇ ದಿನಗಳಲ್ಲಿ ಅಲ್ಲಿನ ಸರ್ಕಾರ, ಮೂರು ಲಕ್ಷಕ್ಕೂ ಹೆಚ್ಚು ಸೊಮಾಲಿ ನಿರಾಶ್ರಿತರಿದ್ದ ದದಾಬ್ ಶಿಬಿರವನ್ನು ಮೂರು ತಿಂಗಳೊಳಗೆ ಖಾಲಿ ಮಾಡಿಸಬೇಕೆಂದು ಘೋಷಿಸಿತು. ಆದರೆ ದಾಳಿಕೋರರಲ್ಲಿ ಗುರುತು ಸಿಕ್ಕ ಒಬ್ಬನು ಕೆನ್ಯಾದ ಪ್ರಜೆ, ಕಾನೂನು ಪದವೀಧರ, ಸರ್ಕಾರಿ ಅಧಿಕಾರಿಯೊಬ್ಬರ ಮಗ. ಶಿಬಿರ ಮುಚ್ಚಲು ಸರ್ಕಾರ 2016ರಲ್ಲಿ ಮತ್ತೆ ಹೊರಡಿಸಿದ ಆಜ್ಞೆಯನ್ನು 2017ರ ಫೆಬ್ರುವರಿಯಲ್ಲಿ ಕೆನ್ಯಾದ ಹೈಕೋರ್ಟ್ ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಭಾರತದಲ್ಲೂ ಇಂಥದ್ದೇ ನಡೆದಿದೆ: ಶ್ರೀಲಂಕಾದಿಂದ ದೋಣಿಯಲ್ಲಿ ಬಂದ ಎಲ್‌ಟಿಟಿಇ ತಂಡ 1991ರ ಮೇ 21ರಂದು ರಾಜೀವ್ ಗಾಂಧಿಯವರನ್ನು ಕೊಂದ ಮೇಲೆ, ಅದೇ ಸಮುದ್ರವನ್ನು ಪ್ರಾಣಭಯದಿಂದ ದಾಟಿ ಬಂದಿದ್ದ ತಮಿಳು ಕುಟುಂಬಗಳೆಲ್ಲವೂ ಅನುಮಾನದ ನೆರಳಿಗೆ ಬಿದ್ದವು. 1992ರ ಜನವರಿಯಲ್ಲಿ ಅವರನ್ನು ವಾಪಸ್ ಕಳುಹಿಸುವ ಕೆಲಸ ಶುರುವಾಯಿತು. ಅವರು ಮನಸಾರೆ ಒಪ್ಪಿ ಹೋಗುತ್ತಿದ್ದಾರೆಯೇ ಎಂದು ವಿಚಾರಿಸಲು ವಿಶ್ವಸಂಸ್ಥೆಯ ಅಧಿಕಾರಿಗಳಿಗೆ ಅವಕಾಶ ಸಿಕ್ಕಿದ್ದು ತಿಂಗಳುಗಳ ನಂತರ.

ಈ ಭಯವೂ ಹೊಸದಲ್ಲ, ಅದರ ಹೆಸರಿನಲ್ಲಿ ಮಾಡುವ ತಪ್ಪೂ ಹೊಸದಲ್ಲ. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟನ್‌ನಲ್ಲಿ ಜರ್ಮನ್ ಮತ್ತು ಆಸ್ಟ್ರಿಯನ್ ಮೂಲದವರು ಸುಮಾರು 70,000ಕ್ಕೂ ಹೆಚ್ಚು ಮಂದಿ ಇದ್ದರು. ಅವರಲ್ಲಿ ಬಹುಪಾಲು ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯಹೂದಿಗಳು. ಅವರ ನಡುವೆ ಗೂಢಚಾರರು ಇರಬಹುದೆಂಬ ಅನುಮಾನ ಅಸಂಬದ್ಧವಾಗಿರಲಿಲ್ಲ. ಬ್ರಿಟಿಷ್ ಸರ್ಕಾರ ಮೊದಲು ಮಾಡಿದ ಕೆಲಸವನ್ನು ನಾನು ಇಂದಿಗೂ ಗೌರವದಿಂದ ನೋಡುತ್ತೇನೆ. ದೇಶದಾದ್ಯಂತ ನ್ಯಾಯಮಂಡಳಿಗಳನ್ನು ನೇಮಿಸಿ, ಒಬ್ಬೊಬ್ಬರನ್ನೂ ಕರೆದು ಕೂರಿಸಿ ವಿಚಾರಿಸಿ, ಮೂರು ವರ್ಗಗಳಾಗಿ ವಿಂಗಡಿಸಿತು. ಕೂಡಲೇ ಬಂಧಿಸಬೇಕಾದ ಮೊದಲ ವರ್ಗಕ್ಕೆ ಸೇರಿದವರು ಕೆಲವು ನೂರು ಮಂದಿ ಮಾತ್ರ. ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಅಪಾಯವಿಲ್ಲದವರೆಂದು ಬಿಡಲಾಯಿತು. ಆ ನ್ಯಾಯಮಂಡಳಿಗಳೂ ಎಡವಿದ್ದುಂಟು, ಆದರೆ ಅವು ಮನುಷ್ಯನ ಮುಖ ನೋಡಿ ತೀರ್ಮಾನಿಸುತ್ತಿದ್ದವು. 1940ರ ಬೇಸಿಗೆಯಲ್ಲಿ ಫ್ರಾನ್ಸ್ ಕುಸಿದಾಗ ಸಹನೆಯೂ ಕುಸಿಯಿತು. ವರ್ಗಗಳನ್ನು ಬದಿಗಿಟ್ಟು, ಈಗಾಗಲೇ ನಿರಪಾಯಕಾರಿಯೆಂದು ತೀರ್ಮಾನವಾದವರನ್ನೂ ಸಾವಿರ ಸಾವಿರ ಸಂಖ್ಯೆಯಲ್ಲಿ ಹಿಡಿದು ಶಿಬಿರಗಳಿಗೆ ತುಂಬಿದರು, ಕೆಲವರನ್ನು ಹಡಗುಗಳಲ್ಲಿ ಕೆನಡಾಕ್ಕೂ ಆಸ್ಟ್ರೇಲಿಯಾಕ್ಕೂ ಸಾಗಿಸಿದರು. ಜುಲೈ 2ರಂದು ಇಟಾಲಿಯನ್ ಮತ್ತು ಜರ್ಮನ್ ಬಂಧಿತರನ್ನು ಹೊತ್ತ ‘ಅರಂಡೋರಾ ಸ್ಟಾರ್’ ಹಡಗು ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಮುಳುಗಿ, 800ಕ್ಕೂ ಹೆಚ್ಚು ಜನ ಸತ್ತರು.

ಆ ಬೇಸಿಗೆಯಲ್ಲಿ ಕೆನಡಾದ ಶಿಬಿರಗಳಿಗೆ ಸಾಗಿಸಲ್ಪಟ್ಟವರಲ್ಲಿ ಇಬ್ಬರು ಯುವ ವಿಜ್ಞಾನಿಗಳಿದ್ದರು. ಒಬ್ಬರು ಮ್ಯಾಕ್ಸ್ ಪೆರುಟ್ಜ್. ರಕ್ತದ ಹಿಮೋಗ್ಲೋಬಿನ್‌ನ ರಚನೆಯನ್ನು ಬಿಡಿಸಿ ತೋರಿಸಿ 1962ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದು, ಬ್ರಿಟನ್‌ನ ವಿಜ್ಞಾನವನ್ನು ಬೆಳೆಸಿದವರು. ಇನ್ನೊಬ್ಬ ಕ್ಲೌಸ್ ಫುಕ್ಸ್. ಬಿಡುಗಡೆಯಾಗಿ ಬಂದ ಮೇಲೆ ಅಣುಬಾಂಬಿನ ಯೋಜನೆಯಲ್ಲಿ ಕೆಲಸಕ್ಕೆ ಸೇರಿ, ಅದರ ರಹಸ್ಯಗಳನ್ನು ಸೋವಿಯತ್ ಒಕ್ಕೂಟಕ್ಕೆ ರವಾನಿಸಿ, 1950ರಲ್ಲಿ ತಪ್ಪೊಪ್ಪಿಕೊಂಡವನು. ಸಾರಾಸಗಟು ಬಂಧನ ಇಬ್ಬರನ್ನೂ ಒಂದೇ ಬಗೆಯಾಗಿ ಕಂಡಿತು. ಇಬ್ಬರ ವಿಷಯದಲ್ಲೂ ಏನನ್ನೂ ಕಂಡುಹಿಡಿಯಲಿಲ್ಲ. ನಿರಪರಾಧಿಯನ್ನು ಮುಳ್ಳುತಂತಿಯ ಹಿಂದೆ ಕೂರಿಸಿದ ಆ ಕ್ರಮದಿಂದ ಅಪರಾಧಿಯ ದಾರಿಗೆ ಒಂದು ಕಲ್ಲೂ ಅಡ್ಡ ಬರಲಿಲ್ಲ. ಕರುಣೆಯನ್ನು ಕಡಿಮೆ ಮಾಡಿದಷ್ಟೂ ಭದ್ರತೆ ಹೆಚ್ಚುತ್ತದೆ, ಎರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳು ಎಂದು ನಿಮ್ಮ ಸಲಹೆಗಾರರು ಹೇಳುವಾಗ ದಯವಿಟ್ಟು ಈ ಇಬ್ಬರನ್ನು ನೆನಪಿಸಿಕೊಳ್ಳಿ.

ಬಾಗಿಲು ಮುಚ್ಚಿದ್ದರ ಬೆಲೆಯನ್ನೂ ಆ ಕಾಲವೇ ದಾಖಲಿಸಿದೆ. 1939ರ ಮೇ ತಿಂಗಳಲ್ಲಿ ಹ್ಯಾಂಬರ್ಗ್‌ನಿಂದ ಹೊರಟ ‘ಸೇಂಟ್ ಲೂಯಿಸ್’ ಹಡಗಿನಲ್ಲಿ 937 ಪ್ರಯಾಣಿಕರಿದ್ದರು, ಬಹುತೇಕ ಎಲ್ಲರೂ ಯಹೂದಿಗಳು. ಕ್ಯೂಬಾ ಕೆಲವೇ ಮಂದಿಯನ್ನು ಇಳಿಸಿಕೊಂಡಿತು, ಅಮೆರಿಕ ಮತ್ತು ಕೆನಡಾ ಯಾರನ್ನೂ ಇಳಿಸಿಕೊಳ್ಳಲಿಲ್ಲ. ಯುರೋಪಿಗೆ ಮರಳಿದವರಲ್ಲಿ 254 ಜನ ಮುಂದೆ ನಾಜಿಗಳ ನರಮೇಧದಲ್ಲಿ ಸತ್ತರು. ಎರಡು ವರ್ಷಗಳ ನಂತರ, 1941ರಲ್ಲಿ, ಜರ್ಮನಿಯ ಹಿಡಿತದಲ್ಲಿದ್ದ ಪ್ರದೇಶಗಳಲ್ಲಿ ಹತ್ತಿರದ ಬಂಧುಗಳಿರುವವರಿಗೆ ವೀಸಾ ಕೊಡದಂತೆ ಅಮೆರಿಕ ನಿಯಮ ಬಿಗಿಗೊಳಿಸಿತು. ಬಂಧುಗಳನ್ನು ಒತ್ತೆಯಿಟ್ಟುಕೊಂಡು ನಾಜಿಗಳು ಅವರನ್ನು ಗೂಢಚಾರರನ್ನಾಗಿ ಮಾಡಿಕೊಳ್ಳಬಹುದು ಎಂಬುದು ಅದಕ್ಕೆ ಕೊಟ್ಟ ಕಾರಣ. ಆ ಕಾಲದಲ್ಲಿ ಓಡಿಬರುತ್ತಿದ್ದ ಯಾವ ಯಹೂದಿಗೆ ಹಿಂದೆ ಉಳಿದ ತಾಯಿಯೋ ತಮ್ಮನೋ ಇರಲಿಲ್ಲ?

ಇಂಥ ಅನುಭವಗಳಿಂದ ಬೆಂದು ಜಗತ್ತು 1951ರ ಜುಲೈ 28ರಂದು ನಿರಾಶ್ರಿತರ ಒಪ್ಪಂದವನ್ನು ಬರೆಯಿತು. ಅದನ್ನು ಬರೆದವರನ್ನು ಇಂದು ಭೋಳೆ ಮನುಷ್ಯರಂತೆ ಚಿತ್ರಿಸುವುದುಂಟು. ಅವರು ಯುದ್ಧವನ್ನು ಕಣ್ಣಾರೆ ಕಂಡವರು, ವೇಷ ಮರೆಸಿಕೊಂಡು ನಿರಾಶ್ರಿತರ ಸಾಲಿನಲ್ಲಿ ನುಸುಳುತ್ತಿದ್ದ ಯುದ್ಧಾಪರಾಧಿಗಳ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಆ ಒಪ್ಪಂದದ ಮೊದಲ ವಿಧಿಯಲ್ಲೇ ಯುದ್ಧಾಪರಾಧ, ಮಾನವತೆಯ ವಿರುದ್ಧದ ಅಪರಾಧ, ಗಂಭೀರವಾದ ರಾಜಕೀಯೇತರ ಅಪರಾಧಗಳನ್ನು ಎಸಗಿದನೆಂದು ನಂಬಲು ಬಲವಾದ ಕಾರಣಗಳಿರುವ ವ್ಯಕ್ತಿಗೆ ನಿರಾಶ್ರಿತನ ಸ್ಥಾನ ಸಲ್ಲದು ಎಂದು ಬರೆದಿದ್ದಾರೆ. ಯಾರನ್ನೂ ಪ್ರಾಣಾಪಾಯವಿರುವ ನೆಲಕ್ಕೆ ಮರಳಿ ದೂಡಬಾರದು ಎನ್ನುವ 33ನೆಯ ವಿಧಿಯ ಎರಡನೆಯ ಭಾಗ, ಆಶ್ರಯ ಕೊಟ್ಟ ದೇಶದ ಭದ್ರತೆಗೆ ಅಪಾಯಕಾರಿಯೆಂದು ಕಾಣಲು ಸಕಾರಣವಿರುವ ವ್ಯಕ್ತಿಗೆ ಆ ರಕ್ಷಣೆಯನ್ನು ನಿರಾಕರಿಸುತ್ತದೆ. 2001ರ ದಾಳಿಯ ನಂತರ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕೈಗೊಂಡ 1373ನೆಯ ನಿರ್ಣಯವೂ ಭಯೋತ್ಪಾದಕರು ಆಶ್ರಯದ ವ್ಯವಸ್ಥೆಯನ್ನು ದುರುಪಯೋಗ ಮಾಡಿಕೊಳ್ಳದಂತೆ ನೋಡಿಕೊಳ್ಳಿ ಎಂದು ದೇಶಗಳಿಗೆ ಹೇಳಿದೆ. ಇವೆಲ್ಲವೂ ಮಾತನಾಡುವುದು ಒಬ್ಬ ವ್ಯಕ್ತಿಯ ಬಗ್ಗೆ, ಅವನ ಕೃತ್ಯದ ಬಗ್ಗೆ. ಅವನ ಪಾಸ್‌ಪೋರ್ಟಿನ ಬಣ್ಣ, ಅವನು ಪ್ರಾರ್ಥಿಸುವ ದೇವರು ಅಲ್ಲೆಲ್ಲೂ ಬರುವುದಿಲ್ಲ. ಭದ್ರತೆಗಾಗಿ ಈ ಒಪ್ಪಂದವನ್ನು ಹರಿದುಹಾಕಬೇಕು ಎನ್ನುವವರು ಅದನ್ನು ಪೂರ್ತಿಯಾಗಿ ಓದಿದ್ದಾರೆಯೇ ಎಂಬ ಸಂದೇಹ ನನಗಿದೆ.

ಕಷ್ಟದ ಪ್ರಕರಣಗಳು ಇಲ್ಲವೆಂದಲ್ಲ. ಒಬ್ಬ ವ್ಯಕ್ತಿ ಅಪಾಯಕಾರಿಯೂ ಹೌದು, ವಾಪಸ್ ಕಳುಹಿಸಿದರೆ ಚಿತ್ರಹಿಂಸೆಗೆ ಗುರಿಯಾಗುವುದೂ ಖಚಿತ ಎಂದಾದಾಗ ಏನು ಮಾಡಬೇಕು? ಸಿಖ್ ಪ್ರತ್ಯೇಕತಾವಾದಿ ಕರಮ್‌ಜಿತ್ ಸಿಂಗ್ ಚಹಲ್ ಅವರನ್ನು ಭಾರತಕ್ಕೆ ಗಡೀಪಾರು ಮಾಡಲು ಬ್ರಿಟನ್ ಹೊರಟಾಗ, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1996ರಲ್ಲಿ, ಚಿತ್ರಹಿಂಸೆಯ ವಿರುದ್ಧದ ನಿಷೇಧಕ್ಕೆ ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲೂ ವಿನಾಯಿತಿ ಇಲ್ಲ ಎಂದಿತು. ಬ್ರಿಟನ್ ಆ ತೀರ್ಪಿನಿಂದ ಒಂದು ದಾರಿಯನ್ನು ಕಂಡುಕೊಂಡಿತು: 1997ರಲ್ಲಿ ಕಾಯಿದೆ ತಂದು, ಗುಪ್ತಚರ ಮಾಹಿತಿಯನ್ನು ಬಹಿರಂಗಪಡಿಸದೆಯೇ ಪರೀಕ್ಷಿಸಬಲ್ಲ ವಿಶೇಷ ಮೇಲ್ಮನವಿ ಆಯೋಗವನ್ನು ಸ್ಥಾಪಿಸಿ, ಆ ಮಾಹಿತಿಯನ್ನು ನೋಡುವ ಅನುಮತಿಯುಳ್ಳ ವಿಶೇಷ ವಕೀಲರನ್ನು ಆರೋಪಿತನ ಪರವಾಗಿ ನೇಮಿಸಿತು. ತನ್ನ ವಿರುದ್ಧದ ಸಾಕ್ಷ್ಯವನ್ನು ತಾನೇ ನೋಡಲಾಗದ ಆ ವ್ಯವಸ್ಥೆಯ ಬಗ್ಗೆ ನನಗೆ ಪೂರ್ಣ ಸಮಾಧಾನವಿಲ್ಲ. ಆದರೂ ಅಧಿಕಾರಿಯೊಬ್ಬನ ಟಿಪ್ಪಣಿಯ ಮೇಲೆ ಒಬ್ಬನ ಬದುಕು ಮುಗಿದುಹೋಗುವ ಪದ್ಧತಿಗಿಂತ, ಯಾರೋ ಒಬ್ಬ ಸ್ವತಂತ್ರ ನ್ಯಾಯಾಧೀಶರು ಆ ಟಿಪ್ಪಣಿಯನ್ನು ಪ್ರಶ್ನಿಸುವ ಪದ್ಧತಿ ಎಷ್ಟೋ ಮೇಲು. ‘ಭದ್ರತೆಯ ಕಾರಣ’ ಎಂಬ ಎರಡು ಪದ ಬರೆದರೆ ಸಾಕು, ಮತ್ತೇನೂ ವಿವರಿಸಬೇಕಾಗಿಲ್ಲ ಎಂಬ ಅಭ್ಯಾಸ ಬೆಳೆದ ಕಡೆ ಅಧಿಕಾರಿಗಳು ಸಾಕ್ಷ್ಯ ಹುಡುಕುವ ಶ್ರಮವನ್ನೇ ಬಿಟ್ಟುಬಿಡುತ್ತಾರೆ, ಆಗ ನಿಜವಾದ ಅಪಾಯವೂ ಅವರ ಕಣ್ಣು ತಪ್ಪುತ್ತದೆ.

ಸಮುದ್ರದ ವಿಷಯಕ್ಕೆ ಬರುತ್ತೇನೆ. 2013ರ ಅಕ್ಟೋಬರ್ 3ರಂದು ಇಟಲಿಯ ಲಾಂಪೆಡೂಸಾ ದ್ವೀಪದ ಬಳಿ ದೋಣಿಯೊಂದು ಮುಳುಗಿ 360ಕ್ಕೂ ಹೆಚ್ಚು ಜನ ಸತ್ತಾಗ, ಇಟಲಿ ತನ್ನ ನೌಕಾಪಡೆಯನ್ನು ‘ಮಾರೆ ನೋಸ್ಟ್ರುಮ್’ ಎಂಬ ಹೆಸರಿನ ಕಾರ್ಯಾಚರಣೆಗೆ ಇಳಿಸಿತು. ಒಂದು ವರ್ಷದಲ್ಲಿ ಅದು ಸುಮಾರು ಒಂದೂವರೆ ಲಕ್ಷ ಜನರನ್ನು ರಕ್ಷಿಸಿತು. ಇದೇ ಕಾರ್ಯಾಚರಣೆಯಲ್ಲಿ ಮುನ್ನೂರಕ್ಕೂ ಹೆಚ್ಚು ಶಂಕಿತ ಕಳ್ಳಸಾಗಣೆದಾರರು ಸಿಕ್ಕಿಬಿದ್ದರು ಎಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ನೀರಿನಿಂದ ಎತ್ತಿದವರ ಆರೋಗ್ಯ ನೋಡುವ ವೈದ್ಯರು, ಅವರು ಯಾರೆಂದು ವಿಚಾರಿಸುವ ಪೊಲೀಸರು ಅಲ್ಲಿ ಒಂದೇ ಕಾರ್ಯಾಚರಣೆಯ ಭಾಗವಾಗಿದ್ದರು. ತಿಂಗಳಿಗೆ ಸುಮಾರು 90 ಲಕ್ಷ ಯೂರೋ ತಗಲುತ್ತಿದ್ದ ಆ ಕಾರ್ಯಾಚರಣೆಯ ಹೊರೆಯನ್ನು ಹಂಚಿಕೊಳ್ಳಲು ಯುರೋಪಿನ ಉಳಿದ ದೇಶಗಳು ಮುಂದೆ ಬರಲಿಲ್ಲ, 2014ರ ಅಕ್ಟೋಬರ್ ಕೊನೆಗೆ ಅದು ನಿಂತಿತು. ಜನ ಬರುವುದು ನಿಂತಿತೇ? ಮರುವರ್ಷವೇ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಮುದ್ರ ದಾಟಿ ಯುರೋಪ್ ಸೇರಿದರು. ಮೆಡಿಟರೇನಿಯನ್ ಸಮುದ್ರದಲ್ಲಿ ಸತ್ತವರ ಮತ್ತು ಕಾಣೆಯಾದವರ ಸಂಖ್ಯೆ 2014ರಿಂದೀಚೆಗೆ 30,000ವನ್ನು ದಾಟಿದೆ.

ಕಾನೂನಿನ ದಾರಿ ಕಿರಿದಾದಷ್ಟೂ ಕಳ್ಳದಾರಿ ಅಗಲವಾಗುತ್ತದೆ. ಕಳ್ಳದಾರಿಯ ಮೊದಲ ಷರತ್ತು ಗುರುತನ್ನು ಅಳಿಸುವುದು. ಕಾಗದಪತ್ರಗಳನ್ನು ಎಸೆಯಿರಿ, ಬೇರೆ ಹೆಸರು ಹೇಳಿ, ಬೇರೆ ದೇಶ ಹೇಳಿ ಎಂದು ಕಲಿಸುವುದೇ ಸಾಗಣೆದಾರರ ಕಸುಬು. ಸಾಚಾ ಮನುಷ್ಯನೂ ಸುಳ್ಳು ಹೇಳಲೇಬೇಕಾದ ಸಾಲಿನಲ್ಲಿ, ಸುಳ್ಳು ಹೇಳಬೇಕೆಂದೇ ಬಂದವನನ್ನು ಪತ್ತೆಹಚ್ಚುವುದು ಹೇಗೆ? ಇದಕ್ಕೆ ಹೋಲಿಸಿದರೆ, ಶಿಬಿರಗಳಲ್ಲಿ ಇರುವಾಗಲೇ ಜನರನ್ನು ಗುರುತಿಸಿ, ಸಂದರ್ಶಿಸಿ, ಬೆರಳಚ್ಚು ಮತ್ತು ಗುಪ್ತಚರ ದಾಖಲೆಗಳೊಂದಿಗೆ ತಾಳೆ ನೋಡಿ, ಹಲವು ಸಂಸ್ಥೆಗಳ ಪರಿಶೀಲನೆ ಮುಗಿದ ಮೇಲೆ ವಿಮಾನ ಹತ್ತಿಸುವ ಪುನರ್ವಸತಿ ಯೋಜನೆಗಳು ಎಷ್ಟೋ ಸುರಕ್ಷಿತ. ಅಮೆರಿಕದಲ್ಲಿ ಈ ಪರಿಶೀಲನೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತಿತ್ತು. ಆದರೂ ವರ್ಷವೊಂದರಲ್ಲಿ ಹೀಗೆ ಬೇರೆ ದೇಶದಲ್ಲಿ ನೆಲೆ ಪಡೆಯುವವರು ಜಗತ್ತಿನ ಒಟ್ಟು ನಿರಾಶ್ರಿತರಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಒಂದು ದಾಳಿ ನಡೆದ ಕೂಡಲೇ ಸರ್ಕಾರಗಳು ಮೊದಲು ಕತ್ತರಿ ಹಾಕುವುದು ಇದೇ ಯೋಜನೆಗಳಿಗೆ. ಎಲ್ಲಕ್ಕಿಂತ ಹೆಚ್ಚು ಪರೀಕ್ಷೆಗೆ ಒಳಗಾದವರ ಮುಖದ ಮೇಲೆ ಬಾಗಿಲು ಬೀಳುತ್ತದೆ. ಇದಕ್ಕೆ ಭದ್ರತೆಯ ದೃಷ್ಟಿಯಿಂದ ಯಾವ ಸಮರ್ಥನೆಯನ್ನೂ ನಾನು ಕಾಣೆ.

ಇನ್ನು ನನ್ನಂತೆ ಆಶ್ರಯದ ಪರವಾಗಿರುವ ಅನೇಕರಿಗೆ ರುಚಿಸದ ಒಂದು ಮಾತು. ಅರ್ಜಿಯನ್ನು ನ್ಯಾಯವಾಗಿ ಕೇಳಿ, ಮೇಲ್ಮನವಿಗೆ ಅವಕಾಶ ಕೊಟ್ಟು, ಕೊನೆಗೆ ಇಲ್ಲ ಎಂದು ತೀರ್ಮಾನಿಸಿದ ಮೇಲೆ ಆ ತೀರ್ಮಾನ ಜಾರಿಯಾಗಬೇಕು. ತಿರಸ್ಕೃತರಾದವರು ವರ್ಷಗಟ್ಟಲೆ ಹೆಸರಿಲ್ಲದೆ, ಕೆಲಸವಿಲ್ಲದೆ, ಎಲ್ಲಿಯೂ ಸಲ್ಲದವರಾಗಿ ಅಲೆಯುವುದು ಅವರಿಗೂ ಕ್ರೌರ್ಯ, ದೇಶಕ್ಕೂ ಅಪಾಯ. ಅಮ್ರಿಯಂಥವರು ಕಣ್ಮರೆಯಾದದ್ದು ಅಂಥ ಗೊತ್ತುಗುರಿಯಿಲ್ಲದ ನಡುಲೋಕದಲ್ಲಿಯೇ. ವಾಪಸಾತಿಗಾಗಿ ಮೂಲದೇಶಗಳೊಂದಿಗೆ ಮಾತುಕತೆ, ಒಪ್ಪಂದ, ಕಾಗದಪತ್ರಗಳ ವಿನಿಮಯ, ಇವೆಲ್ಲ ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸದ ಕೆಲಸಗಳು. ಬೇಲಿ ಕಟ್ಟಿದರೆ ಛಾಯಾಚಿತ್ರ ಸಿಗುತ್ತದೆ, ಕಡತ ವಿಲೇವಾರಿ ಮಾಡಿದರೆ ಸಿಗುವುದಿಲ್ಲ. ಬೇಲಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನಾದರೂ ನುರಿತ ವಿಚಾರಣಾಧಿಕಾರಿಗಳಿಗೆ, ದುಭಾಷಿಗಳಿಗೆ, ನ್ಯಾಯಾಧೀಶರಿಗೆ, ಕಚೇರಿಗಳ ನಡುವಿನ ದಾಖಲೆಗಳ ಜೋಡಣೆಗೆ ತಿರುಗಿಸಿ ಎಂಬುದು ನನ್ನ ಬೇಡಿಕೆ. ತೀರ್ಮಾನಗಳು ವರ್ಷಗಳಲ್ಲಿ ಬರುವ ಬದಲು ತಿಂಗಳುಗಳಲ್ಲಿ ಬರಲಿ.

ತಪಾಸಣೆ ಎಷ್ಟೇ ಬಿಗಿಯಾಗಿದ್ದರೂ ಅದು ಬರುವ ದಿನದ ಮನಸ್ಸನ್ನು ಮಾತ್ರ ನೋಡಬಲ್ಲದು. 2016ರ ಜುಲೈನಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ಬಳಿ ರೈಲಿನಲ್ಲಿ ಕೊಡಲಿಯಿಂದ ಪ್ರಯಾಣಿಕರ ಮೇಲೆರಗಿದವನು, ಹಿಂದಿನ ವರ್ಷ ಪೋಷಕರಿಲ್ಲದ ಬಾಲಕನೆಂದು ನೋಂದಣಿಯಾಗಿ ಬಂದ ಹದಿಹರೆಯದವನು. ಅಂಥ ಹುಡುಗನ ತಲೆಗೆ ವಿಷ ಯಾವಾಗ, ಯಾರಿಂದ ಇಳಿಯುತ್ತದೆ ಎಂಬುದನ್ನು ಗಡಿಯ ಯಂತ್ರಗಳು ಹೇಳಲಾರವು. ಅವನ ದಿನಚರಿ ಬಲ್ಲ ಶಿಕ್ಷಕ, ಜೊತೆಯಲ್ಲಿ ದುಡಿಯುವವನು, ಅದೇ ಭಾಷೆ ಮಾತನಾಡುವ ನೆರೆಯವಳು ಹೇಳಬಲ್ಲರು. ಆದರೆ ಅದಕ್ಕೆ ಅವನು ಶಾಲೆಯಲ್ಲೋ ಕೆಲಸದಲ್ಲೋ ಇರಬೇಕು. ಅನುಮಾನ ಬಂದದ್ದನ್ನು ಹೇಳಿದರೆ ಸರ್ಕಾರ ತಮ್ಮ ಇಡೀ ಸಮುದಾಯವನ್ನೇ ಜಾಲಾಡಿಸುವುದಿಲ್ಲ ಎಂಬ ನಂಬಿಕೆ ಆ ನೆರೆಯವಳಿಗೆ ಇರಬೇಕು.

ಆ ನಂಬಿಕೆ ಏನು ಮಾಡಬಲ್ಲದು ಎಂಬುದಕ್ಕೆ 2016ರ ಅಕ್ಟೋಬರ್‌ನಲ್ಲಿ ಸಾಕ್ಷಿ ಸಿಕ್ಕಿತು. ಕೆಮ್ನಿಟ್ಸ್ ನಗರದ ಮನೆಯೊಂದರಲ್ಲಿ ಒಂದೂವರೆ ಕಿಲೋ ಸ್ಫೋಟಕ ಪತ್ತೆಯಾಯಿತು. ಅಲ್ಲಿದ್ದ ಜಾಬರ್ ಅಲ್-ಬಕ್ರ್ ಎಂಬ ಸಿರಿಯಾದ ಯುವಕ ಪೊಲೀಸರ ಕೈಯಿಂದ ತಪ್ಪಿಸಿಕೊಂಡ. ಅವನೂ ಆಶ್ರಯ ಪಡೆದಿದ್ದವನೇ. ಇಡೀ ಜರ್ಮನಿ ಅವನನ್ನು ಹುಡುಕುತ್ತಿದ್ದಾಗ, ಲೈಪ್‌ಜಿಗ್‌ನಲ್ಲಿ ಅವನಿಗೆ ತಂಗಲು ಜಾಗ ಕೊಟ್ಟಿದ್ದ ಸಿರಿಯಾದ ನಿರಾಶ್ರಿತರು ಅರಬ್ಬಿಯಲ್ಲಿ ಹರಿದಾಡುತ್ತಿದ್ದ ಪೊಲೀಸ್ ಪ್ರಕಟಣೆಯನ್ನು ಓದಿ, ಇವನೇ ಅವನೆಂದು ಗುರುತಿಸಿ, ಹಿಡಿದು ವೈರಿನಿಂದ ಕಟ್ಟಿಹಾಕಿದರು. ಪೊಲೀಸರಿಗೆ ಫೋನ್ ಮಾಡಿದಾಗ ಭಾಷೆ ಅಡ್ಡಬಂದು ವಿಷಯ ಅರ್ಥವಾಗಲಿಲ್ಲ. ಅವರಲ್ಲೊಬ್ಬ ಕಟ್ಟಿಹಾಕಿದವನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ತಾನೇ ಠಾಣೆಗೆ ಹೋಗಿ ತೋರಿಸಿದ.

ಮಾನ್ಯರೇ, ನಿಮ್ಮ ಮುಂದಿನ ಆಯವ್ಯಯದಲ್ಲಿ ಗಡಿಗೆಂದು ಹಣ ತೆಗೆದಿಡುವಾಗ, ಆ ಫೋನಿನ ಇನ್ನೊಂದು ತುದಿಯಲ್ಲಿ ಅವರ ಭಾಷೆ ಬಲ್ಲ ಒಬ್ಬರನ್ನು ಹಗಲೂ ರಾತ್ರಿಯೂ ಕೂರಿಸಲು ಎಷ್ಟು ಬೇಕೋ ಅಷ್ಟನ್ನು ಮೊದಲು ಬರೆಯಿರಿ.

ಗೌರವಪೂರ್ವಕವಾಗಿ,
ಒಬ್ಬ ನಾಗರಿಕ